ಕಡಲಡಿಯಲ್ಲಿ ಮೀನಿಗೆ ಮನೆ

ಬರಿಯ ಮರಳುನೆಲಕ್ಕಿಂತ ಬಂಡೆಯ ಸಂದೂ ಮುಳುಗಿದ ನೌಕೆಯ ಒಡಲೂ ಅನೇಕ ಜಾತಿಯ ಮೀನುಗಳಿಗೆ ಪ್ರಿಯವಾದ ನೆಲೆಗಳು. ಜಪಾನಿನ ಅವಾಜಿ ದ್ವೀಪದ ಬೆಸ್ತರು 18ನೆಯ ಶತಮಾನದ ಕೊನೆಯಲ್ಲಿಯೇ ಇದನ್ನು ಕಂಡುಕೊಂಡಿದ್ದರೆಂದು ಹೇಳುವರು. ಒಡೆದು ಮುಳುಗಿದ ಹಡಗೊಂದರ ಬಳಿ ಅವರಿಗೆ ಮೀನು ಹೇರಳವಾಗಿ ದೊರೆಯುತ್ತಿದ್ದಿತು. ಹಡಗು ಕೊಳೆತುಹೋಗಲು, ಅವರು ಮರದ ದೊಡ್ಡ ಚೌಕಟ್ಟುಗಳನ್ನು ಮಾಡಿ, ಬಿದಿರನ್ನೂ ಕೋಲುಗಳನ್ನೂ ಬಿಗಿದು, ಮರಳುಚೀಲದ ಭಾರವಿಟ್ಟು ನೀರಿಗಿಳಿಸಿದರು. ಪಾಚಿಯನ್ನರಸಿ ಸಣ್ಣ ಮೀನು, ಅದನ್ನರಸಿ ದೊಡ್ಡ ಮೀನು; ನಮ್ಮ ಶಾಸ್ತ್ರಕಾರರ ಮತ್ಸ್ಯನ್ಯಾಯವು ಇಲ್ಲಿ ಅಕ್ಷರಶಃ ನಡೆಯುವುದು. ಇಂತಹ ನೆಲೆಯು ಮೀನನ್ನು ಬೆಳೆಸುವುದೋ, ಬೇರೆಡೆಯದನ್ನು ಒಂದೆಡೆ ಕೂಡಿಸುವುದಷ್ಟೆಯೋ ಎಂಬ ವಿವಾದವು ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ಈ ಸರಳವಿದ್ಯೆಯು ಯಂತ್ರಯುಗದವರ ಕೈಗೆ ಸಿಕ್ಕಿದಾಗ ಆದುದನ್ನು ವಾಚಕರು ನೋಡಬೇಕು. 1972ರಲ್ಲಿ ಅಮೆರಿಕ ದೇಶದ ಫ್ಲಾರಿಡಾ ತೀರದಲ್ಲಿ, ಫೋರ್ಟ್ ಲಾಡರ್‌ಡೇಲ್ ನಗರದೆದುರು, ಸುಮಾರು 20 ಲಕ್ಷ ಸವೆದ ಮೋಟಾರು ಟೈರುಗಳನ್ನು ಕಂತೆಕಟ್ಟಿ ಕಡಲಿಗೆ ಹಾಕತೊಡಗಿದರು. ಮೀನಿಗೆ ಮನೆಯೂ ಆಗುವುದು, ನೆಲದ ಕಸವೂ ಕಳೆಯುವುದು ಎಂಬುದು ಅವರ ಎಣಿಕೆ. ನನಗಂತೂ ಈ ಎರಡನೆಯ ಪ್ರಯೋಜನವೇ ಅವರಿಗೆ ಮೊದಲನೆಯದಾಗಿದ್ದಂತೆ ತೋರುತ್ತದೆ. ಉಪ್ಪುನೀರಿನಲ್ಲಿ ಉಕ್ಕಿನ ಕೊಂಡಿಗಳು ತುಕ್ಕುಹಿಡಿದು ಮುರಿದುವು. ನೈಲಾನು ಹಗ್ಗಗಳು ಬಿಚ್ಚಿಹೋದುವು. ಬಿಡಿಬಿಡಿಯಾದ ಟೈರುಗಳು ನಿಂತಲ್ಲಿ ನಿಲ್ಲದೆ ಇದ್ದುದರಿಂದ ಅವುಗಳ ಮೇಲೆ ಹವಳವು ನೆಲೆಗೊಳ್ಳಲಿಲ್ಲ. ಅಷ್ಟೇ ಆಗಿದ್ದರೆ ನಷ್ಟವು ಸಣ್ಣದು. ಬಿರುಗಾಳಿಯ ಅಲೆಗಳಿಗೆ ಉರುಳುತ್ತ ಅವು ಪಕ್ಕದಲ್ಲಿದ್ದ ಸಹಜವಾದ ಹವಳದ ದಿಬ್ಬವನ್ನೇ ಉಜ್ಜಿ ಕೆಡಿಸಿದುವು. 2007ರಲ್ಲಿ ಸೈನ್ಯದ ಮುಳುಗುಗಾರರು ಕಡಲಿಗಿಳಿದು ಅವನ್ನು ಮೇಲಕ್ಕೆತ್ತತೊಡಗಿದರು. ಆ ಕೆಲಸವು ಹಲವು ವರ್ಷ ಸಾಗಿತು.