ಮಣ್ಣಿನೊಳಗಣ ಮದ್ದು

ಹಿಟ್ನಾಳದ ಸುತ್ತಣ ಹೊಲಗಳಲ್ಲಾಗಲಿ, ಕುಷ್ಟಗಿ ಯಲಬುರ್ಗಿಗಳ ಶೇಂಗಾದ ಸಾಲುಗಳಲ್ಲಾಗಲಿ, ಮೊದಲ ಮಳೆ ಬಿದ್ದೊಡನೆ ನೆಲದಿಂದೇಳುವ ಕಂಪನ್ನು ಅರಿಯದವರಾರು? ಆ ಕಂಪಿಗೆ ಬಹುಮಟ್ಟಿಗೆ ಕಾರಣವಾದುದು ಸ್ಟ್ರೆಪ್ಟೊಮೈಸಿಸ್ ಎಂಬ, ಕಣ್ಣಿಗೆ ಕಾಣದ ಜೀವಿವರ್ಗ. ಈ ವರ್ಗವು ಮದ್ದುಗಳ ಭಂಡಾರವೂ ಹೌದೆಂಬುದು, 1943ರಲ್ಲಿ ಅಮೆರಿಕೆಯ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಷಾಟ್ಸ್ ಎಂಬ ತರುಣನು ಸ್ಟ್ರೆಪ್ಟೊಮೈಸಿನ್ನನ್ನು ಬೇರ್ಪಡಿಸಿದಂದು ಲೋಕಕ್ಕೆ ವಿಶದವಾಯಿತು. ಆ ಭಂಡಾರದಿಂದ ನಮ್ಮ ದೇಶದ ಪಾಲನ್ನು ತೆಗೆದುಕೊಟ್ಟವರಲ್ಲಿ ಅಗ್ರಗಣ್ಯರು, 1914ರಲ್ಲಿ ಮೈಸೂರು ನಾಡಿನಲ್ಲಿ ಜನಿಸಿದ ಎಂ. ಜೆ. ತಿರುಮಲಾಚಾರ್ಯರು.

ಅವರ ಮೊದಲ ವ್ಯಾಸಂಗ ಸಸ್ಯರೋಗಗಳದು. ಪೈರಿನ ಕುಂಕುಮರೋಗ, ಕಾಡಿಗೆರೋಗಗಳನ್ನು ತರುವ ಶಿಲೀಂಧ್ರಗಳನ್ನು ಅವರು ಬಹುಕಾಲ ಪರೀಕ್ಷಿಸಿದರು. ಮುಂಡ್ಕೂರರೊಡಗೂಡಿ ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ರಚಿಸಿದ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಒಂದು ಜಾತಿಯನ್ನು ಇನ್ನೊಂದರಿಂದ ತಪ್ಪಿಲ್ಲದೆ ಬೇರ್ಪಡಿಸಬಲ್ಲ ಈ ಕಣ್ಣೇ ಮುಂದೆ ಮದ್ದಿನ ಶೋಧಕ್ಕೆ ಒದಗಿತು. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರಕಾರೀ ಕಾರ್ಖಾನೆ ಸ್ಥಾಪಿತವಾಗಿದ್ದಿತು. ಅದರ ಸಂಶೋಧನ ಶಾಖೆಗೆ ತಿರುಮಲಾಚಾರ್ಯರು ಮುಖ್ಯಸ್ಥರಾದರು.

ಆಗ ವೈದ್ಯರ ಮುಂದಿದ್ದ ತೊಡಕನ್ನು ನಾವು ಮೊದಲು ತಿಳಿಯಬೇಕು. ಪೆನಿಸಿಲಿನ್ ಬ್ಯಾಕ್ಟೀರಿಯಗಳ ಹೊರಗೋಡೆಯನ್ನು ಕೆಡಿಸುತ್ತದೆ. ಶಿಲೀಂಧ್ರಗಳಿಗೆ ಆ ಬಗೆಯ ಗೋಡೆಯೇ ಇಲ್ಲ. ಬ್ಯಾಕ್ಟೀರಿಯಗಳು ಅಳಿದ ಎಡೆಯಲ್ಲಿ ಕ್ಯಾಂಡಿಡ ಎಂಬ ಶಿಲೀಂಧ್ರವು ಬಾಯಿಯಲ್ಲಿಯೂ ಕರುಳಿನಲ್ಲಿಯೂ ಹೆಚ್ಚಿ ಬೆಳೆಯುವುದೂ ಉಂಟು. ಇದಕ್ಕೂ ಮಿಗಿಲಾಗಿ, ಶಿಲೀಂಧ್ರದ ಜೀವಕೋಶವು ನಮ್ಮ ಜೀವಕೋಶವನ್ನು ಬಹಳವಾಗಿ ಹೋಲುತ್ತದೆ. ಅದಕ್ಕೆ ವಿಷವಾದುದು ರೋಗಿಗೂ ವಿಷವಾದೀತು!

1961ರಲ್ಲಿ ತಿರುಮಲಾಚಾರ್ಯರೂ ಅವರ ಸಹೋದ್ಯೋಗಿಗಳೂ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಪ್ರಕಟಿಸಿದರು. ಅದನ್ನು ಸ್ರವಿಸುವ ಜೀವಿಗೆ ಪಿಂಪ್ರಿಯ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಕರೆದರು. ಶಿಲೀಂಧ್ರದ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಪದಾರ್ಥವಿದೆ. ಹ್ಯಾಮೈಸಿನ್ ಅದಕ್ಕೆ ಅಂಟಿಕೊಂಡು ಪೊರೆಯನ್ನು ತೂತುಮಾಡುತ್ತದೆ. ನಮ್ಮ ಕೋಶಗಳಲ್ಲಿರುವ ಕೊಲೆಸ್ಟೆರಾಲಿಗೆ ಅದು ಅಷ್ಟು ಬಲವಾಗಿ ಅಂಟದು. ಆದರೂ ಅಂಟುವುದರಿಂದ ನಂಜು ಪೂರ್ತಿಯಾಗಿ ತಪ್ಪದು. ಇದರ ಬಳಿಕ ಅದೇ ಪ್ರಯೋಗಶಾಲೆಯಿಂದ ಡರ್ಮೊಸ್ಟಾಟಿನ್, ಆರಿಯೋಫಂಜಿನ್, ಆಂಟಿಅಮೀಬಿನ್‌ಗಳು ಹೊರಬಂದುವು. ಇವುಗಳಲ್ಲಿ ಆರಿಯೋಫಂಜಿನ್ ಸಸ್ಯಗಳ ಮದ್ದು. ದ್ರಾಕ್ಷಿಯ ಬೂದಿರೋಗಕ್ಕೂ ಶೇಂಗಾದ ಎಲೆಚುಕ್ಕೆರೋಗಕ್ಕೂ ಅದನ್ನು ಬಳಸಿ ನೋಡಿದರು. ಸಸ್ಯರೋಗಗಳಿಂದ ಹೊರಟ ವಿದ್ವಾಂಸರ ದುಡಿಮೆ ಹೀಗೆ ಮರಳಿ ರೈತನ ಹೊಲವನ್ನು ಮುಟ್ಟಿತು.

ಈ ದುಡಿಮೆಯ ಫಲವನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು? ಮದ್ದಿನಂಗಡಿಯ ಕಪಾಟೊಂದನ್ನೇ ನೋಡಿದರೆ ಲೆಕ್ಕ ಸಣ್ಣದಾಗಿ ಕಾಣುತ್ತದೆ. ಆಂಫೊಟೆರಿಸಿನ್ ಮೊದಲಾದ ಪರದೇಶದ ಔಷಧಗಳ ಮುಂದೆ ಹ್ಯಾಮೈಸಿನ್ ಹಿಂದೆ ಸರಿಯಿತು. ಆದರೆ ವಿದ್ವತ್ತಿನ ಲೆಕ್ಕ ಬೇರೆ. 1990ರ ದಶಕದಲ್ಲಿ ದೆಹಲಿಯ ಬಛಾವತ್ ಮತ್ತು ಅವರ ಸಂಗಡಿಗರು ಹ್ಯಾಮೈಸಿನ್ನನ್ನು ಕೊಬ್ಬಿನ ಸೂಕ್ಷ್ಮಕೋಶಗಳಲ್ಲಿ ಹುದುಗಿಸಿ ಅದರ ನಂಜನ್ನು ತಗ್ಗಿಸುವ ಹಾದಿಯನ್ನು ಅರಸಿದರು. ಆಂಟಿಅಮೀಬಿನ್ನಿನ ಕಥೆ ಇನ್ನೂ ಸೋಜಿಗದ್ದು. ಜನಬಳಕೆಯ ಔಷಧವಾಗದಿದ್ದರೂ, ಕೋಶದ ಪೊರೆಯಲ್ಲಿ ಅಯಾನುಗಳು ಹಾಯುವ ನಾಳಗಳು ಹೇಗೆ ಏರ್ಪಡುತ್ತವೆಂಬ ಮೂಲಪ್ರಶ್ನೆಗೆ ಅದೊಂದು ಮಾದರಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಬಲರಾಮ್, ಅಮೆರಿಕೆಯ ಇಸಬೆಲ್ಲಾ ಕಾರ್ಲ್ ಮೊದಲಾದವರು ಅದರ ಸ್ಫಟಿಕರಚನೆಯನ್ನು 1998ರಲ್ಲಿ ಪ್ರಕಟಿಸಿದರು. ಮರುವರ್ಷವೇ ತಿರುಮಲಾಚಾರ್ಯರು ಕಾಲವಾದರು.

ಪಿಂಪ್ರಿಯಲ್ಲಿ ಒಬ್ಬ ಕನ್ನಡನಾಡಿನವರು ಹೆಸರಿಟ್ಟ ವಸ್ತುವು ಮೂವತ್ತು ವರ್ಷಗಳ ತರುವಾಯ ಕನ್ನಡನಾಡಿನಲ್ಲಿಯೇ ಹೊಸ ಪ್ರಶ್ನೆಗೆ ಉತ್ತರವಾಗಿ ನಿಂತಿತು. ರೋಗವನ್ನು ಕಳೆಯುವ ಮದ್ದು ದೊಡ್ಡದು. ಮುಂದಿನವರ ಅಜ್ಞಾನವನ್ನು ಕಳೆಯುವ ಮದ್ದೂ ಸಣ್ಣದಲ್ಲ.