ಕೈಗಾದ ಕೊನೆಯ ಲೆಕ್ಕ

ಮೂಡುಬಿದಿರೆ, ವೇಣೂರು, ಬಂಟ್ವಾಳದ ಸುತ್ತಮುತ್ತಲಿನ ದತ್ತಿ ಶಾಸನಗಳನ್ನು ಓದುವವರ ಗಮನಕ್ಕೆ ಒಂದು ಸಂಗತಿ ಬೇಗ ಬರುತ್ತದೆ. ಬಸದಿ ಕಟ್ಟಿಸಿದೆವು, ದೇವರನ್ನು ಪ್ರತಿಷ್ಠೆ ಮಾಡಿಸಿದೆವು ಎನ್ನುವಲ್ಲಿಗೆ ಶಾಸನ ಮುಗಿಯುವುದಿಲ್ಲ. ಯಾವ ಗದ್ದೆಯ ಗೇಣಿಯಿಂದ ಎಷ್ಟು ಮುಡಿ ಅಕ್ಕಿ ಬರಬೇಕು, ದೀಪದ ಎಣ್ಣೆಗೆ ಎಷ್ಟು, ನೋಡಿಕೊಳ್ಳಬೇಕಾದವರು ಯಾರು, ಸಾಕ್ಷಿಗಳು ಯಾರು, ತಪ್ಪಿದವನಿಗೆ ಯಾವ ಪಾಪ ಎಂಬ ವಿವರಗಳು ಅಲ್ಲಿಂದ ಮುಂದೆ ಶುರುವಾಗುತ್ತವೆ. ಅರಸನ ಹೆಸರಿನ ಜೊತೆಗೆ ಊರಿನ ಹಲರು, ಸೆಟ್ಟಿಕಾರರ ಹೆಸರೂ ಬರುತ್ತದೆ. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರುತ್ತಾರೆ. ಅವರಿಬ್ಬರು ಇರುವವರೆಗೆ ಈ ಏರ್ಪಾಡು ನಡೆಯಲಿ ಎಂದು ಅರ್ಥ.

ನನ್ನ ಪಿಎಚ್.ಡಿ. ಕೆಲಸ ಇಂಥ ಶಾಸನಗಳ ಮೇಲೆ ನಡೆದಿದೆ. ಕಟ್ಟುವವರು ಮುಂದಿನ ಕಾಲದ ಹೊಣೆಯನ್ನು ಹೇಗೆ ಹಂಚುತ್ತಿದ್ದರು ಎಂಬುದೇ ಅದರ ಮುಖ್ಯ ಪ್ರಶ್ನೆ. ಅದೇ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಕಟ್ಟಡಕ್ಕೆ ಕೇಳಿದರೆ ಏನಾಗುತ್ತದೆ? ಕರ್ನಾಟಕದಲ್ಲಿ ಇವತ್ತು ನಿಂತಿರುವ ಕಟ್ಟಡಗಳಲ್ಲಿ ಅತಿ ದೀರ್ಘ ಕಾಲದ ಕಾವಲು ಬೇಡುವುದು ಕೈಗಾ ಅಣುವಿದ್ಯುತ್ ಸ್ಥಾವರ. ಅದನ್ನು ಕಟ್ಟುವ ಬಗ್ಗೆ ಕನ್ನಡದಲ್ಲಿ ಬಹಳ ಚರ್ಚೆ ನಡೆದಿದೆ. ಮುಚ್ಚುವ ಬಗ್ಗೆ ನಡೆದದ್ದು ಕಡಿಮೆ.

ಕಟ್ಟುವ ಕಾಲದ ಕಥೆ ಅನೇಕರಿಗೆ ಗೊತ್ತಿದೆ. 1980ರ ದಶಕದಲ್ಲಿ ಕಾಳಿ ಕಣಿವೆಯ ಕಾಡಿನ ನಡುವೆ ಜಾಗ ಗೊತ್ತಾದಾಗ ಉತ್ತರ ಕನ್ನಡದಲ್ಲಿ ದೊಡ್ಡ ಚಳವಳಿ ಎದ್ದಿತು. ನಮ್ಮ ಪಕ್ಕದ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು ಅದರ ಮುಂದಾಳುಗಳಲ್ಲಿ ಒಬ್ಬರು. ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆ ಚುನಾವಣೆಗೂ ನಿಂತರು, ಸೋತರು. ಕೆಲಸ ನಿಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2000ನೇ ಇಸವಿಯಲ್ಲಿ ಮೊದಲ ಎರಡು ಘಟಕಗಳು, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಒಂದೊಂದೂ 220 ಮೆಗಾವಾಟ್. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆಯೂ ಇದೆ.

ಇಂಥ ಸ್ಥಾವರಗಳ ವಿನ್ಯಾಸದ ಆಯುಸ್ಸು ಸುಮಾರು 40 ವರ್ಷ. ಕೊಳವೆಗಳನ್ನು ಬದಲಿಸಿ ಇನ್ನಷ್ಟು ಕಾಲ ಓಡಿಸಬಹುದು. ಆದರೂ 2040ರ ಹೊತ್ತಿಗೆ ಮೊದಲ ಎರಡು ಘಟಕಗಳ ಮುಂದೆ ಈ ಪ್ರಶ್ನೆ ಬಂದು ನಿಲ್ಲುತ್ತದೆ. ಸ್ಥಾವರವನ್ನು ಶಾಶ್ವತವಾಗಿ ನಿಲ್ಲಿಸಿ, ಇಂಧನ ಹೊರತೆಗೆದು, ವಿಕಿರಣ ತಗುಲಿದ ಭಾಗಗಳನ್ನು ಕಳಚಿ, ಜಾಗವನ್ನು ಶುದ್ಧಮಾಡುವ ಒಟ್ಟು ಕೆಲಸಕ್ಕೆ ಡಿಕಮಿಷನಿಂಗ್ ಎನ್ನುತ್ತಾರೆ. ಸ್ವಿಚ್ ಆರಿಸಿದ ಮರುದಿನ ಇದನ್ನು ಮಾಡಿ ಮುಗಿಸಲಾಗುವುದಿಲ್ಲ. ಉಕ್ಕಿನಲ್ಲಿ ಹುಟ್ಟುವ ಕೋಬಾಲ್ಟ್-60ರ ಅರ್ಧಾಯುಷ್ಯ ಐದು ವರ್ಷದ ಮೇಲೆ ಸ್ವಲ್ಪ. ಐವತ್ತು ವರ್ಷ ಕಾದರೆ ಅದು ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ, ಕೆಲಸಗಾರರಿಗೆ ಅಪಾಯ ತಗ್ಗುತ್ತದೆ. ಅದಕ್ಕೇ ಹಲವು ದೇಶಗಳಲ್ಲಿ ಸ್ಥಾವರಕ್ಕೆ ಬೀಗ ಹಾಕಿ ದಶಕಗಟ್ಟಲೆ ಕಾಯುತ್ತಾರೆ. ಸೀಸಿಯಂ-137ರ ಅರ್ಧಾಯುಷ್ಯ ಮೂವತ್ತು ವರ್ಷ. ಕಡಿಮೆ ಮತ್ತು ಮಧ್ಯಮ ಮಟ್ಟದ ತ್ಯಾಜ್ಯವನ್ನು ನಮ್ಮ ದೇಶದಲ್ಲಿ ಸ್ಥಾವರದ ಆವರಣದಲ್ಲೇ, ನೆಲಮಟ್ಟಕ್ಕೆ ಹತ್ತಿರದ ಕಾಂಕ್ರೀಟ್ ಗುಂಡಿಗಳಲ್ಲಿ ಇಡುತ್ತಾರೆ. ಅಂಥ ಜಾಗಕ್ಕೆ ಸುಮಾರು 300 ವರ್ಷಗಳ ಕಾವಲು ಬೇಕೆಂಬುದು ಪರಿಣತರೇ ಇಟ್ಟುಕೊಂಡ ಲೆಕ್ಕ.

ಮುನ್ನೂರು ವರ್ಷ ಎಂದರೆ ಎಷ್ಟು? ಇಂದಿನಿಂದ ಅಷ್ಟು ಹಿಂದೆ ಹೋದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದವು. ಆಮೇಲೆ ಹೈದರ್, ಟಿಪ್ಪು ಬಂದರು. 1799ರಲ್ಲಿ ಕಂಪನಿ ಬಂತು. ಮದರಾಸು ಪ್ರಾಂತ್ಯ ಬಂತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಮತ್ತೆ ಒಂದಾದವು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ದೂರದ ರಾಜಧಾನಿಗಳೆಲ್ಲ ಬದಲಾದವು. ಉಳಿದದ್ದು ನೆಲ, ನದಿ, ಅಲ್ಲಿನ ಜನ, ಅವರು ನಡೆಸಿಕೊಂಡು ಬಂದ ಕಟ್ಟಳೆಗಳು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನಿಗೆ 2024ರಲ್ಲೂ ಮಹಾಮಸ್ತಕಾಭಿಷೇಕ ನಡೆಯಿತು. ಅಜಿಲರ ಅರಸೊತ್ತಿಗೆ ಹೋಗಿ ಎಷ್ಟೋ ಕಾಲವಾಗಿದೆ, ಹೊಣೆ ಮಾತ್ರ ಊರಿನಲ್ಲಿ ಉಳಿದಿದೆ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿದ ಧವಳಾ ಗ್ರಂಥಗಳ ತಾಳೆಗರಿಗಳು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತವೆ. ಗರಿಗಳನ್ನು ಕಾಯುವುದು ಒಂದು ಕೆಲಸ, ಅದರ ಹಳೆಯ ಲಿಪಿಯನ್ನು ಓದಬಲ್ಲವರನ್ನು ಉಳಿಸಿಕೊಳ್ಳುವುದು ಇನ್ನೊಂದು. ದೀರ್ಘಕಾಲದ ಕಾವಲಿಗೆ ಎರಡೂ ಬೇಕು, ಎರಡೂ ಸ್ಥಳದಲ್ಲೇ ಇರಬೇಕು.

ಕೈಗಾದ ಮಟ್ಟಿಗೆ ಆ ಸ್ಥಳದ ಹತ್ತಿರದ ಸರ್ಕಾರ ಎಂದರೆ ಕರ್ನಾಟಕ. ಕಾಗದದ ಮೇಲೆ ಅದರ ಪಾತ್ರ ವಿಚಿತ್ರವಾಗಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಣುಶಕ್ತಿ ಕೇಂದ್ರ ಪಟ್ಟಿಯ ಆರನೇ ನಮೂದು. ಭೂಮಿ, ನೀರು, ಸಾರ್ವಜನಿಕ ಆರೋಗ್ಯ, ಪೊಲೀಸು ಇರುವುದು ರಾಜ್ಯ ಪಟ್ಟಿಯಲ್ಲಿ. ಆದ್ದರಿಂದ ಸ್ಥಾವರ ಹುಟ್ಟುವಾಗ ರಾಜ್ಯ ಬೇಕು: ಜಾಗ ಕೊಡಲು, ಕದ್ರಾ ಜಲಾಶಯದ ನೀರು ಕೊಡಲು, ಬಂದೋಬಸ್ತಿಗೆ. ಸ್ಥಾವರ ನಡೆಯುವಾಗಲೂ ಬೇಕು: ಅವಘಡವಾದರೆ ಸುತ್ತಲಿನ 16 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನರನ್ನು ರಕ್ಷಿಸುವ ಯೋಜನೆಯ ಹೊಣೆ ಜಿಲ್ಲಾಧಿಕಾರಿಯದು. ಮುಚ್ಚುವ ಯೋಜನೆಯಲ್ಲಿ ಮಾತ್ರ ರಾಜ್ಯಕ್ಕೆ ಕಾನೂನು ಒಂದು ಕುರ್ಚಿಯನ್ನೂ ಇಟ್ಟಿರಲಿಲ್ಲ.

ಆ ಯೋಜನೆಯಾದರೂ ಇತ್ತೇ? ಅಣುಶಕ್ತಿ ನಿಯಂತ್ರಣ ಮಂಡಳಿಯ ಬಗ್ಗೆ ಸಿಎಜಿ 2012ರಲ್ಲಿ ಸಂಸತ್ತಿಗೆ ಕೊಟ್ಟ ವರದಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಡಿಕಮಿಷನಿಂಗ್‌ಗೆ ದೇಶದಲ್ಲಿ ಶಾಸನಬದ್ಧ ಚೌಕಟ್ಟು ಇಲ್ಲ. ಮಂಡಳಿ ತನ್ನ ಸುರಕ್ಷತಾ ಕೈಪಿಡಿ ಹೊರತಂದು 13 ವರ್ಷವಾದರೂ, ನಡೆಯುತ್ತಿರುವ ಸ್ಥಾವರವಾಗಲಿ ನಿಂತುಹೋದ ಸ್ಥಾವರವಾಗಲಿ, ಯಾವುದಕ್ಕೂ ಡಿಕಮಿಷನಿಂಗ್ ಯೋಜನೆ ಇಲ್ಲ. 1962ರ ಅಣುಶಕ್ತಿ ಕಾಯ್ದೆಯಲ್ಲಾಗಲಿ ಅದರ ನಿಯಮಗಳಲ್ಲಾಗಲಿ ಇದಕ್ಕೆಂದು ನಿಧಿ ಕೂಡಿಡಬೇಕೆಂಬ ವಿಧಿಯೂ ಇಲ್ಲ. ಆ ಹೊತ್ತಿಗೆ ರಾಜಸ್ಥಾನದ ರಾವತ್‌ಭಾಟಾದ ಒಂದನೇ ಘಟಕ ನಿಂತು ಎಂಟು ವರ್ಷವಾಗಿತ್ತು.

ಹಣವನ್ನು ಸಂಗ್ರಹಿಸುತ್ತಿರುವುದು ವಿದ್ಯುತ್ ದರದ ಮೂಲಕ, ಯೂನಿಟ್ಟಿಗೆ 2 ಪೈಸೆಯಂತೆ. ಕೈಗಾದ 880 ಮೆಗಾವಾಟ್ ವರ್ಷವಿಡೀ ಶೇ. 80ರಷ್ಟು ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 617 ಕೋಟಿ ಯೂನಿಟ್. 2 ಪೈಸೆಯಂತೆ ವರ್ಷಕ್ಕೆ 12 ಕೋಟಿ ರೂಪಾಯಿಯ ಮೇಲೆ ಚಿಲ್ಲರೆ. ಬಡ್ಡಿ ಬಿಟ್ಟರೆ 40 ವರ್ಷಕ್ಕೆ 500 ಕೋಟಿಯೊಳಗೆ. ಇದು ನಾನು ಹಾಕಿದ ಒರಟು ಲೆಕ್ಕ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಹೆಚ್ಚುಕಡಿಮೆ ಇಷ್ಟೇ ಸಾಮರ್ಥ್ಯದ ಮೇಯ್ನ್ ಯಾಂಕೀ ಸ್ಥಾವರವನ್ನು ಕಳಚಲು 50 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಅಲ್ಲಿನ ಕೂಲಿ ಬೇರೆ, ಸ್ಥಾವರದ ಬಗೆ ಬೇರೆ, ನೇರ ಹೋಲಿಕೆ ಸಲ್ಲದು. ಆದರೆ ನಮ್ಮ 2 ಪೈಸೆ ಸಾಕೇ ಎಂದು ಕೇಳುವುದಕ್ಕೆ ಅಷ್ಟು ಸಾಕು.

ಈ ಪ್ರಶ್ನೆ ಕೇಳುವ ಹಕ್ಕು ಕಾರವಾರದವರಿಗೆ ಮಾತ್ರ ಇರುವುದಲ್ಲ. ಕೈಗಾದ ವಿದ್ಯುತ್ತಿನ ಪಾಲು ರಾಜ್ಯದ ಜಾಲಕ್ಕೆ ಬರುತ್ತದೆ. ಬಂಟ್ವಾಳದ ಅಂಗಡಿ, ಬೆಳ್ತಂಗಡಿಯ ಅಡಿಕೆ ತೋಟದ ಪಂಪು, ಮೂಡುಬಿದಿರೆಯ ಹಾಸ್ಟೆಲು ಎಲ್ಲವೂ ಆ ಜಾಲದಲ್ಲೇ ಇವೆ. 10 ಎಚ್‌ಪಿವರೆಗಿನ ಕೃಷಿ ಪಂಪಿನ ಬಿಲ್ಲನ್ನೂ, 2023ರಿಂದ ಗೃಹಜ್ಯೋತಿ ಮನೆಗಳ ಬಿಲ್ಲನ್ನೂ ರಾಜ್ಯ ಸರ್ಕಾರವೇ ಭರಿಸುತ್ತಿದೆ. ಆ 2 ಪೈಸೆಯಲ್ಲಿ ಒಂದು ಪಾಲು ರಾಜ್ಯದ ಬೊಕ್ಕಸದಿಂದಲೇ ಹೋಗುತ್ತಿದೆ ಎಂದಾಯಿತು. ಹಣ ಕೊಡುವವನು ಲೆಕ್ಕ ಕೇಳಬಾರದು ಎಂದು ನಮ್ಮ ಯಾವ ದತ್ತಿ ಶಾಸನವೂ ಹೇಳುವುದಿಲ್ಲ.

ರಾಜ್ಯವನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 2012ರ ನವೆಂಬರಿನಲ್ಲಿ, ತಮಿಳುನಾಡಿನ ಕೂಡಂಕುಳಂ ಪ್ರಕರಣದ ವಿಚಾರಣೆಯಲ್ಲಿ, ಅಲ್ಲಿನ ತ್ಯಾಜ್ಯವನ್ನು ಕೊನೆಗೆ ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಬಂದಾಗ ಸುಪ್ರೀಂ ಕೋರ್ಟಿನ ಮುಂದೆ ಕೋಲಾರದ ಚಿನ್ನದ ಗಣಿಗಳ ಹೆಸರು ಬಂತು. ಆ ಗಣಿಗಳು ಮುಚ್ಚಿದ್ದು 2001ರಲ್ಲಿ. 1980ರ ದಶಕದಲ್ಲಿ ಅಲ್ಲಿನ ಆಳದ ಬಂಡೆಯ ಮೇಲೆ ಭಾಭಾ ಅಣು ಸಂಶೋಧನಾ ಕೇಂದ್ರ ಪ್ರಯೋಗಗಳನ್ನು ನಡೆಸಿತ್ತು. ಕೆಜಿಎಫ್‌ನ ಜನ ಸುದ್ದಿ ತಿಳಿದು ಬೀದಿಗಿಳಿದರು. ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಬೇಗನೆ ಸ್ಪಷ್ಟನೆ ಕೊಟ್ಟಿತು. ಒಂದು ವರ್ಷ ಮೊದಲು, 2011ರ ಸೆಪ್ಟೆಂಬರಿನಲ್ಲಿ, ಕೂಡಂಕುಳಂ ಕೆಲಸ ನಿಲ್ಲಿಸಬೇಕೆಂದು ತಮಿಳುನಾಡಿನ ಸಂಪುಟ ನಿರ್ಣಯ ಮಾಡಿತ್ತು. 2012ರ ಮಾರ್ಚಿನಲ್ಲಿ 500 ಕೋಟಿಯ ಅಭಿವೃದ್ಧಿ ಯೋಜನೆಯೊಂದಿಗೆ ಒಪ್ಪಿಗೆ ಕೊಟ್ಟಿತು. ಸಂವಿಧಾನ ಏನೇ ಹೇಳಲಿ, ರಾಜ್ಯದ ಮಾತಿಲ್ಲದೆ ಕೆಲಸ ಸಾಗುವುದಿಲ್ಲ ಎಂಬುದು ಎರಡೂ ಕಡೆ ಕಂಡಿತು. ನಮ್ಮಲ್ಲಿ ಆ ಮಾತು ಬರುವುದು ಜನ ಬೀದಿಗಿಳಿದ ಮೇಲೆ ಮಾತ್ರ.

ಬೇರೆ ದಾರಿಗಳು ಇವೆ. ಜರ್ಮನಿಯಲ್ಲಿ ಅಣುಕಾನೂನು ಒಕ್ಕೂಟದ್ದು, ಆದರೆ ಸ್ಥಾವರ ಕಳಚಲು ಪರವಾನಗಿ ಕೊಡುವವರು ರಾಜ್ಯದ ಅಧಿಕಾರಿಗಳು, ಒಕ್ಕೂಟದ ಪರವಾಗಿ. ಅಮೆರಿಕದಲ್ಲಿ ವಿಕಿರಣ ಸುರಕ್ಷತೆ ನಮ್ಮಂತೆಯೇ ಕೇಂದ್ರದ ಕೈಯಲ್ಲಿದೆ. ಅಲ್ಲೂ ಮೇಯ್ನ್ ಯಾಂಕೀ 1997ರಲ್ಲಿ ಮುಚ್ಚುವ ನಿರ್ಧಾರವಾದ ಕೂಡಲೇ ಊರಿನವರ ಸಲಹಾ ಸಮಿತಿ ಕೂತಿತು. ಶುದ್ಧಮಾಡಿದ ನೆಲದಲ್ಲಿ ಉಳಿಯಬಹುದಾದ ವಿಕಿರಣಕ್ಕೆ ಕೇಂದ್ರದ ಮಿತಿ ವರ್ಷಕ್ಕೆ 25 ಮಿಲಿರೆಮ್ ಇತ್ತು. ಮೇಯ್ನ್ ರಾಜ್ಯ 2000ದಲ್ಲಿ ತನ್ನದೇ ಕಾನೂನು ಮಾಡಿ ಅದನ್ನು 10ಕ್ಕೆ ಇಳಿಸಿತು. 2005ರಲ್ಲಿ ಕೆಲಸ ಮುಗಿಯಿತು. ಇದು ಪೂರ್ತಿ ಗೆಲುವಿನ ಕಥೆಯೂ ಅಲ್ಲ. ಬಳಸಿದ ಇಂಧನ ಇವತ್ತಿಗೂ ಅದೇ ಊರಿನಲ್ಲಿ ಅರವತ್ತು ಕಾಂಕ್ರೀಟ್ ಪೀಪಾಯಿಗಳಲ್ಲಿ ಕೂತಿದೆ, ಏಕೆಂದರೆ ಅದನ್ನು ಒಯ್ಯಬೇಕಾದ ಕೇಂದ್ರ ಸರ್ಕಾರಕ್ಕೆ ಜಾಗ ಸಿಕ್ಕಿಲ್ಲ.

ರಾಜ್ಯಗಳಿಗೆ ಪರಿಣತಿ ಇಲ್ಲ, ಅವು ಇದನ್ನು ರಾಜಕೀಯ ಮಾಡುತ್ತವೆ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವೂ ಇದೆ. ರಾಜ್ಯ ಸರ್ಕಾರ ಯಾವಾಗಲೂ ಜನರ ಪರ ಎಂದು ನಮ್ಮ ತಾಲೂಕಿನವರು ನಂಬಬೇಕಾಗಿಲ್ಲ. 2013ರಲ್ಲಿ ಮೂಡುಬಿದಿರೆ ಬಳಿಯ ನಿಡ್ಡೋಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗ ಊರಿನವರು ಎದ್ದು ನಿಂತು ತಡೆಯಬೇಕಾಯಿತು. ಆದರೆ ಪರಿಣತಿ ಬೆಳೆಯುವುದು ಹೊಣೆ ಹೊತ್ತ ಮೇಲೆ. ಕುರ್ಚಿಯೇ ಇಲ್ಲದವನು ಏನನ್ನು ಕಲಿಯಬೇಕು?

ಆದ್ದರಿಂದ ರಾಜ್ಯ ಕೇಳಬೇಕಾದದ್ದು ಅಧಿಕಾರದ ದೊಡ್ಡ ಪಾಲನ್ನಲ್ಲ, ಕೆಲವು ಸಣ್ಣ, ಖಚಿತ ಸಂಗತಿಗಳನ್ನು. ಕೈಗಾದ ಡಿಕಮಿಷನಿಂಗ್ ಯೋಜನೆಯ ಪ್ರತಿಯೊಂದು ಪರಿಷ್ಕರಣೆಯೂ ರಾಜ್ಯಕ್ಕೆ ಬರಬೇಕು, ಕನ್ನಡದಲ್ಲೂ ಸಿಗಬೇಕು. ಕೈಗಾದ ಹೆಸರಿನಲ್ಲಿ ಎಷ್ಟು ಹಣ ಕೂಡಿದೆ, ಎಷ್ಟು ಬೇಕಾದೀತು ಎಂಬ ಲೆಕ್ಕ ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಬರಬೇಕು. ಕಾಳಿಯ ನೀರು, ಸುತ್ತಲಿನ ಊರುಗಳ ಆರೋಗ್ಯ, ಇವುಗಳ ದಾಖಲೆಯನ್ನು ರಾಜ್ಯ ತಾನೇ ಈಗಿನಿಂದ ಇಟ್ಟುಕೊಳ್ಳಬೇಕು. ಮುಂದೆ ನೆಲ ಶುದ್ಧವಾಯಿತೇ ಎಂದು ಅಳೆಯಲು ಇವತ್ತಿನ ಅಳತೆಯೇ ಆಧಾರ. ಕಾರವಾರ, ಜೋಯಿಡಾ, ಯಲ್ಲಾಪುರದ ಪಂಚಾಯಿತಿಗಳೂ ಸ್ಥಾವರದ ಕೆಲಸಗಾರರೂ ಕೂರುವ ಒಂದು ಸಮಿತಿ ಬೇಕು. ಸ್ಥಾವರ ನಿಂತರೆ ಮೊದಲು ಖಾಲಿಯಾಗುವುದು ಅವರ ಜೇಬು. ಐದು, ಆರನೇ ಘಟಕಗಳಿಗೆ ಸಹಕಾರ ಕೊಡುವಾಗಲೇ ಇವನ್ನು ಲಿಖಿತ ಷರತ್ತಾಗಿ ಇಡಬಹುದು. ಜಾಗ, ನೀರು ಕೇಳಿ ಬಂದವರೊಡನೆ ಮಾತಾಡುವುದು ಸುಲಭ, ಬೀಗ ಹಾಕಿ ಹೊರಟವರೊಡನೆ ಕಷ್ಟ.

ಅವಸರವೂ ಇದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಂತಿ ಕಾಯ್ದೆ 1962ರ ಕಾಯ್ದೆಯ ಜಾಗಕ್ಕೆ ಬಂದು, ಖಾಸಗಿ ಕಂಪನಿಗಳಿಗೂ ಅಣುಸ್ಥಾವರದ ಬಾಗಿಲು ತೆರೆದಿದೆ. ಹೊಸ ಸ್ಥಾವರದ ಜಾಗಕ್ಕಾಗಿ ಕೊಪ್ಪಳ, ರಾಯಚೂರು, ವಿಜಯಪುರ ಜಿಲ್ಲೆಗಳ ಹೆಸರು ಕೇಳಿಬಂದಿವೆ. ಕಂಪನಿಗಳ ಆಯುಸ್ಸು ರಾಜವಂಶಗಳಿಗಿಂತಲೂ ಕಡಿಮೆ. ಕಾರಂತರ ಪೀಳಿಗೆ ಕೈಗಾ ಬೇಕೇ ಎಂದು ಕೇಳಿತು. ಆ ಪ್ರಶ್ನೆಗೆ ಬೇಕು ಎಂದವರೂ ಬೇಡ ಎಂದವರೂ ಈಗ ಕೂಡಿ ಕೇಳಬಹುದಾದ ಇನ್ನೊಂದು ಪ್ರಶ್ನೆ ಉಳಿದಿದೆ: ಇದನ್ನು ಯಾರು, ಯಾವ ದುಡ್ಡಿನಲ್ಲಿ, ಯಾರ ಸಾಕ್ಷಿಯಲ್ಲಿ ಮುಚ್ಚುತ್ತಾರೆ? ಮೊದಲ ಘಟಕಗಳ ನಲವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಕಳೆದಿದೆ.