ಒರೆ ಮತ್ತು ಪಾದರಕ್ಷೆ: ಗಡಿನಾಡಿನ ತೊಗಲುಗೆಲಸದ ಇತಿಹಾಸ

ಅಕ್ಕಲಕೋಟೆಗೆ ಹೋದವರು ಸ್ವಾಮಿ ಸಮರ್ಥರ ದರ್ಶನವನ್ನು ಮುಗಿಸಿಕೊಂಡು, ಹೊತ್ತಿದ್ದರೆ ಹಳೆಯ ಸಂಸ್ಥಾನದ ಶಸ್ತ್ರಾಗಾರವನ್ನೂ ನೋಡಿ ಬರುವುದುಂಟು. ಅಲ್ಲಿಯ ಕತ್ತಿ ಬಂದೂಕುಗಳ ಮುಂದೆ ನಿಂತವರು ಅಲಗಿನ ಉದ್ದವನ್ನೂ ಹಿಡಿಯ ಕುಸುರಿಯನ್ನೂ ಕೊಂಡಾಡುತ್ತಾರೆ. ಇಂಥ ಅಲಗನ್ನು ಮಳೆಗಾಳಿಗಳಿಂದ ಕಾಪಾಡಿದ ಒರೆ ಎಂಥದು, ಅದನ್ನು ಹೊಲಿದ ಕೈ ಯಾರದು ಎಂದು ಕೇಳುವವರು ವಿರಳ. ನಾವು ಕೂಡ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಆ ಪ್ರಶ್ನೆಯನ್ನು ಕೇಳದೆಯೇ ಹಿಂತಿರುಗಿದವರು. ಇತಿಹಾಸವು ಅಲಗನ್ನು ನೆನೆಯಿತು, ಒರೆಯನ್ನು ಮರೆಯಿತು. ಆ ಮರೆವನ್ನು ಕಿಂಚಿತ್ತಾದರೂ ತಿದ್ದಿಕೊಳ್ಳಬೇಕೆಂಬ ಉದ್ದೇಶದಿಂದ ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮ ಈ ಗಡಿನಾಡು ತೊಗಲುಗೆಲಸಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ‘ಪಾದುಕಾಭೋಗ’ವೆಂದು ಪಾದರಕ್ಷೆಗೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅರಸನು ಮೆಟ್ಟಿದ್ದು ಗ್ರಂಥಕ್ಕೆ ಬಂದಿತು. ಮಾಡಿದವನ ಹೆಸರು ಬರಲಿಲ್ಲ. ಆದರೆ ಅದೇ ಶತಮಾನದಲ್ಲಿ ಅದೇ ಕಲ್ಯಾಣವು ಮತ್ತೊಂದು ಅದ್ಭುತವನ್ನು ಕಂಡಿತು. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನೂ ಚಮ್ಮಾವುಗೆ ಹೊಲಿಯುವ ಹರಳಯ್ಯನೂ ಶರಣರ ಸಮೂಹದಲ್ಲಿ ಪೂಜ್ಯರಾದರು. ಹರಳಯ್ಯನೂ ಆತನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿ ತಂದರೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆ ಮನೆಯ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವೇ ಕಲ್ಯಾಣದ ಕ್ರಾಂತಿಗೆ ಕಿಡಿಯಾಯಿತೆಂದು ಪರಂಪರೆಯು ಹೇಳುತ್ತದೆ.

ಇವರೆಲ್ಲರಿಗಿಂತ ಹಿರಿಯನೆಂದು ಶರಣರು ಗೌರವಿಸಿದ ಮಾದಾರ ಚೆನ್ನಯ್ಯನ ಸಂಗತಿಯಂತೂ ಭಾಷಾಭ್ಯಾಸಿಗಳಿಗೆ ವಿಶೇಷ ಕುತೂಹಲದ್ದು. ಆತನ ಹೆಸರಿನಲ್ಲಿ ದೊರೆತಿರುವ ಕೆಲವೇ ವಚನಗಳ ಅಂಕಿತದಲ್ಲಿ ದೇವರ ನಾಮದ ಜೊತೆಗೆ ಮೂರು ಉಪಕರಣಗಳ ಹೆಸರುಗಳಿವೆ: ಕೈಯುಳಿ, ಕತ್ತಿ, ಅಡಿಗೂಟ. ಅರಸರು ಶಾಸನಗಳಲ್ಲಿ ಬಿರುದುಗಳನ್ನು ಕೆತ್ತಿಸುತ್ತಿದ್ದ ಕಾಲದಲ್ಲಿ ಈ ಮಹಾನುಭಾವನು ತನ್ನ ವಚನದ ಕೊನೆಗೆ ತನ್ನ ಹತಾರಗಳನ್ನೇ ಮುದ್ರೆಯಾಗಿ ಒತ್ತಿದನು. ನಮ್ಮ ದೇಶದ ಕರಕುಶಲತೆಯ ಇತಿಹಾಸದಲ್ಲಿ ಇದಕ್ಕಿಂತ ಹೆಮ್ಮೆಯ ದಾಖಲೆ ಬೇರೆ ಬೇಕೆ?

ಇಲ್ಲಿ ನಮ್ಮದೇ ಒಂದು ಅಜ್ಞಾನವನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಅಂಕಿತವನ್ನು ನಾವು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇವೆ. ‘ಅಡಿಯಲ್ಲಿ ಆಸರೆಯಾಗುವ ಗೂಟವೇ ಅಡಿಗೂಟ’ ಎಂದು ಪದವನ್ನು ಬಿಡಿಸಿ, ಅದರ ಪಾರಮಾರ್ಥಿಕ ಅರ್ಥಕ್ಕೆ ಜಿಗಿದು ಮುಂದೆ ಸಾಗುತ್ತಿದ್ದೆವು. ಒಂದು ದಿನ ಹಿಂದಿನ ಬಾಕಿನಿಂದ ಒಬ್ಬ ಹುಡುಗ ಮೆಲ್ಲನೆ ಎದ್ದು ನಿಂತು, “ಸರ, ಅದು ನಮ್ಮ ಮನ್ಯಾಗ ಐತ್ರಿ” ಎಂದನು. ತರಗತಿಯಲ್ಲಿ ಯಾರೋ ನಕ್ಕರು. ಹುಡುಗನು ತಲೆ ತಗ್ಗಿಸಿ ಕುಳಿತುಬಿಟ್ಟನು. ತನ್ನ ಮನೆಯ ಕಸುಬನ್ನು ಆತ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾವು ವಿದ್ವಾನ್ ಪದವಿಯ ಬಲದಿಂದ ಬಿಡಿಸುತ್ತಿದ್ದ ಪದವನ್ನು ಆ ಹುಡುಗ ದಿನಾಲೂ ಕಣ್ಣಾರೆ ಕಾಣುತ್ತಿದ್ದನು!

ಮರುವಾರ ಆತನ ಮನೆಗೆ ಹೋದೆವು. ಅಂಗಳದ ಬೇವಿನ ನೆರಳಿನಲ್ಲಿ ಆತನ ಅಜ್ಜ ಕುಳಿತಿದ್ದರು. ಅವರ ಮುಂದೆ ನೆಲದಲ್ಲಿ ಅರ್ಧ ಹೂತಿದ್ದ ಮರದ ಕೊರಡು ಅಸಂಖ್ಯ ಕೊಯ್ತಗಳಿಂದ ನಡುವೆ ತಗ್ಗಾಗಿತ್ತು. ಅದರ ಸುತ್ತ ಹರಡಿದ್ದ ಸಾಮಾನು ಒಂದು ಗೋಣಿಚೀಲಕ್ಕೆ ಹೆಚ್ಚಲ್ಲ: ತೊಗಲು ಕೊಯ್ಯುವ, ಅಂಚು ಹೆರೆಯುವ ಅಗಲ ಬಾಯಿಯ ರಂಪಿಗೆ, ತೂತು ಚುಚ್ಚುವ ಆರೆ, ಒಂದು ಉಳಿ, ಎರಡು ದಬ್ಬಳ, ಒಂದು ಕೊಡತಿ, ಒಂದು ಸಾಣೆಕಲ್ಲು. ರಂಪಿಗೆಯನ್ನು ಊರ ಕಮ್ಮಾರನು ಮೋಟಾರು ಗಾಡಿಯ ಹಳೆಯ ಪಟ್ಟಿಯಿಂದ ಬಡಿದು ಕೊಟ್ಟಿದ್ದನು. ಆರೆಯು ಮಸೆದ ಸೈಕಲ್ ಕಡ್ಡಿ. “ಪ್ಯಾಟ್ಯಾಗ ಹತ್ತು ಹತಾರ ತರೂಕಿಂತ ಒಂದು ಚಲೋ ರಂಪಗಿ ಇಟಗೊಂಡು ದಿನಾ ಮಸೀಬೇಕ್ರಿ ಗುರುಗಳ” ಎಂದರು ಅಜ್ಜ. ಮೊಂಡ ಕತ್ತಿಯು ತೊಗಲನ್ನೂ ಕೆಡಿಸುತ್ತದೆ, ಕೈಯನ್ನೂ ಕೊಯ್ಯುತ್ತದೆ. ಹೊಸದಾಗಿ ಕಲಿಯುವವನು ದುಡ್ಡನ್ನು ಅಲಗಿನ ಉಕ್ಕಿಗೆ ಹಾಕಬೇಕು, ಉಳಿದುದನ್ನು ಕೈಯಿಂದಲೇ ಮಾಡಿಕೊಳ್ಳಬಹುದು ಎಂಬುದು ಅವರ ಮತ. ಅಲ್ಪ ಬೆಲೆಯ ಈ ಹತಾರಗಳನ್ನು ನೋಡುತ್ತ ನಿಂತಾಗ ನಮಗೆ ಚೆನ್ನಯ್ಯನ ಅಂಕಿತದ ನಿಜವಾದ ಅರ್ಥ ಹೊಳೆಯಿತು. ಒಂದು ಅಂಕಿತದಲ್ಲಿ ಹಿಡಿಸುವಷ್ಟೇ ಉಪಕರಣಗಳಿಂದ ಒಂದು ಸಂಸಾರವು ಸಾಗಬಲ್ಲದು.

ತಮ್ಮ ಮುತ್ತಜ್ಜಂದಿರು ಸಂಸ್ಥಾನದ ಕಾಲದಲ್ಲಿ ಕತ್ತಿಯ ಒರೆಗಳನ್ನೂ ಸಿಪಾಯಿಗಳ ಸೊಂಟಪಟ್ಟಿಗಳನ್ನೂ ಹೊಲಿಯುತ್ತಿದ್ದರೆಂದು ಅಜ್ಜ ಹೇಳಿದರು. ಅವರು ವಿವರಿಸಿದ ಕ್ರಮವು ಸ್ವಾರಸ್ಯವಾದುದು. ಕತ್ತಿಯ ಒರೆಗೆ ಎರಡು ತೆಳು ಮರದ ಸೀಳುಗಳನ್ನು ಜೋಡಿಸಿ, ಮೇಲೆ ನೆನೆಸಿದ ತೊಗಲನ್ನು ಬಿಗಿದು ಬೆನ್ನಿನ ಮೇಲೆ ಹೊಲಿಗೆ ಹಾಕುತ್ತಾರೆ. ಒಣಗಿದ ಮೇಲೆ ತೊಗಲು ತಾನೇ ಬಿಗಿದು ಮರವನ್ನು ಹಿಡಿದುಕೊಳ್ಳುತ್ತದೆ. ಪಿಸ್ತೂಲಿನ ಒರೆಗೆ ಮರ ಬೇಡ. ದಪ್ಪ ತೊಗಲನ್ನು ನೀರಿನಲ್ಲಿ ನೆನೆಸಿ, ಆಯುಧದ ಆಕಾರಕ್ಕೆ ಬೆರಳಿನಿಂದ ಒತ್ತಿ ಕೂಡಿಸಿ, ನೆರಳಿನಲ್ಲಿ ಒಣಗಲು ಬಿಡಬೇಕು. ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಒಂದೊಂದು ತೂತಿನಲ್ಲಿಯೂ ಎರಡೂ ಕಡೆಯಿಂದ ದಾಟಿಸಿದರೆ, ಎಲ್ಲಿಯಾದರೂ ಒಂದೆಡೆ ದಾರ ಕಡಿದರೂ ಉಳಿದ ಹೊಲಿಗೆ ಬಿಚ್ಚುವುದಿಲ್ಲ. ಯಂತ್ರದ ಹೊಲಿಗೆಗೆ ಈ ಗುಣವಿಲ್ಲ.

ಈ ಕೆಲಸಕ್ಕೆ ಎಲ್ಲ ತೊಗಲೂ ಒದಗುವುದಿಲ್ಲ. ನಮ್ಮ ನಾಡಿನ ಹಳೆಯ ಹದವು ಮರಗಿಡಗಳದು. ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ಇಟ್ಟು ಕೂದಲು ಉದುರಿಸಿ, ಮಾಂಸದ ಪೊರೆಯನ್ನು ಹೆರೆದು ತೆಗೆದು, ಜಾಲಿಯ ಚಕ್ಕೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ನೆನೆಯಿಸುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಚಕ್ಕೆಯನ್ನೂ ಒಗರು ನೀರನ್ನೂ ತುಂಬಿ ತೂಗುಹಾಕುವ ಪದ್ಧತಿಯೂ ಇದೆ. ಹೀಗೆ ಹದಗೊಂಡ ತೊಗಲು ನೆನೆದಾಗ ಮಣಿದು, ಒಣಗಿದಾಗ ಕೊಟ್ಟ ಆಕಾರವನ್ನು ಬಿಡದೆ ಹಿಡಿಯುತ್ತದೆ. ಒರೆಯು ಅಲಗಿನ ಆಕಾರ ತಾಳುವುದಕ್ಕೂ ಚಪ್ಪಲಿಯು ಕೆಲವು ದಿನಗಳಲ್ಲಿ ಮೆಟ್ಟಿದವನ ಪಾದದ ಅಚ್ಚನ್ನೇ ತಾಳುವುದಕ್ಕೂ ಈ ಒಂದೇ ಗುಣ ಕಾರಣ. ಇಂಥ ತೊಗಲಿಗೆ ಅನ್ನಭೇದಿಯ ನೀರು ಹಚ್ಚಿದರೆ ಅದು ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಅಳಲೆ ಮತ್ತು ಅನ್ನಭೇದಿಗಳ ಇದೇ ಕೂಟದಿಂದ. ಪಂಡಿತನ ಶಾಯಿಗೂ ಸಮಗಾರನ ಒರೆಗೂ ಒಂದೇ ಕಪ್ಪು. ಆದರೂ ಒಬ್ಬನನ್ನು ಊರ ನಡುವೆ ಕೂಡಿಸಿ, ಇನ್ನೊಬ್ಬನನ್ನು ಊರ ಹೊರಗೆ ನಿಲ್ಲಿಸಿದೆವಲ್ಲ!

ಇನ್ನು ಕಾಲಗತಿಯನ್ನು ಸಂಕ್ಷೇಪವಾಗಿ ನೋಡೋಣ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿಯೂ ಮರಾಠರ ಕಾಲದಲ್ಲಿಯೂ ಈ ಸೀಮೆಯು ಕುದುರೆಯ ದಂಡುಗಳ ಸೀಮೆ. ಜೀನು, ಕಡಿವಾಣ, ಗುರಾಣಿ, ಒರೆ, ಮದ್ದಿನ ಚೀಲ ಇವೆಲ್ಲವೂ ತೊಗಲಿನವೇ. ಬ್ರಿಟಿಷರ ಆಳಿಕೆಯಲ್ಲಿ ಈ ಬೇಡಿಕೆಯ ಬುಡಕ್ಕೆ ಕೊಡಲಿಪೆಟ್ಟು ಬಿದ್ದಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ದಂಗೆಯೆದ್ದು ಪ್ರಾಣ ತೆತ್ತರು. 1878ರ ಆಯುಧ ಕಾಯಿದೆಯು ಪರವಾನಿಗೆಯಿಲ್ಲದೆ ಆಯುಧ ಧರಿಸುವುದನ್ನು ನಿಷೇಧಿಸಿತು. ಕತ್ತಿಯನ್ನೇ ಧರಿಸಲಾಗದ ಮೇಲೆ ಒರೆಯನ್ನು ಯಾರು ಕೊಳ್ಳಬೇಕು? ಇತ್ತ ಸೈನ್ಯದ ಜೀನು ಪಟ್ಟಿಗಳಿಗಾಗಿ 1860ರ ದಶಕದಲ್ಲಿಯೇ ಕಾನಪುರದಲ್ಲಿ ಸರಕಾರದ ಕಾರ್ಖಾನೆಯು ತಲೆಯೆತ್ತಿತ್ತು. ದಂಡಿನ ಕೆಲಸ ಹಳ್ಳಿಯ ಅಡಿಗೂಟದಿಂದ ದೂರದ ಯಂತ್ರಕ್ಕೆ ಹೋಯಿತು.

ಒರೆಯು ಹೋದರೂ ಬಾವಿ ಉಳಿಯಿತು. ಎತ್ತುಗಳಿಂದ ನೀರೆಳೆಯುವ ಕಪಿಲೆಯ ದೊಡ್ಡ ತೊಗಲ ಚೀಲವನ್ನು ಹೊಲಿದು ಸರಿಪಡಿಸುವುದು ಆಯಗಾರನಾದ ಈ ಕುಶಲಕರ್ಮಿಯ ಮುಖ್ಯ ಕಾಯಕವಾಯಿತು. ಸುಗ್ಗಿಯಲ್ಲಿ ಸಿಗುವ ಆಯದ ಕಾಳೇ ಆತನ ಸಂಬಳ. ಆಲ್ಫ್ರೆಡ್ ಚಾಟರ್ಟನ್ನರು 1903ರ ಸುಮಾರಿಗೆ ಮದರಾಸಿನಲ್ಲಿ ಕ್ರೋಮ್ ಎಂಬ ಹೊಸ ಹದವನ್ನು ಪ್ರಯೋಗಿಸಿದಾಗ ಅವರ ಕಣ್ಣಮುಂದೆ ಇದ್ದ ವಸ್ತುಗಳಲ್ಲಿ ಈ ನೀರಿನ ಚೀಲವೂ ಒಂದು; ನೀರಿನಲ್ಲಿ ಬೇಗ ಕೊಳೆಯದ ತೊಗಲನ್ನು ಅವರು ಅರಸುತ್ತಿದ್ದರು. ಮುಂದೆ ಎಂಜಿನ್ನೂ ವಿದ್ಯುತ್ ಪಂಪೂ ಬಂದು ಕಪಿಲೆಯೇ ನಿಂತುಹೋಯಿತು. ಉಳಿದದ್ದು ಪಾದರಕ್ಷೆ. ಕೊಲ್ಲಾಪುರದ ಶಾಹೂ ಮಹಾರಾಜರು (ಆಳಿಕೆ 1894–1922) ಈ ಕಸುಬಿಗೆ ಆಶ್ರಯವಿತ್ತರು. ಆ ಪೇಟೆಯ ಹೆಸರಿನಿಂದಲೇ ‘ಕೊಲ್ಲಾಪುರಿ ಚಪ್ಪಲಿ’ಯು ಲೋಕಪ್ರಸಿದ್ಧವಾಯಿತು.

ಹೆಸರು ಕೊಲ್ಲಾಪುರದ್ದಾದರೂ ಅದನ್ನು ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿಗಳಲ್ಲಿಯೂ ಇವೆ. ಒಬ್ಬರು ಅಟ್ಟೆ ಕೊಯ್ದರೆ ಒಬ್ಬರು ಬಡಿದು ಗಟ್ಟಿಮಾಡುವರು. ಬಾರುಗಳನ್ನು ಜಡೆಯಂತೆ ಹೆಣೆಯುವ ನಾಜೂಕಿನ ಕೆಲಸ ಬಹುತೇಕ ಹೆಣ್ಣುಮಕ್ಕಳದು. ಜತ್ತ, ಅಕ್ಕಲಕೋಟೆ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಥಣಿ ಆ ಕಡೆಗೂ ಜತ್ತ ಈ ಕಡೆಗೂ ಉಳಿದವು. ಗೆರೆಯು ಎರಡು ತಾಲೂಕುಗಳ ನಡುವೆ ಬಿದ್ದಿತು. ರಂಪಿಗೆಯನ್ನು ರಂಪಿಗೆಯೆಂದು, ಆರೆಯನ್ನು ಆರೆಯೆಂದು ಕರೆಯುವ ನಾಲಗೆಯು ಎರಡೂ ಕಡೆ ಒಂದೇ ಆಗಿ ಉಳಿಯಿತು.

ಈ ಸತ್ಯವನ್ನು ಸರಕಾರದ ಕಾಗದವೂ ಕೊನೆಗೆ ಒಪ್ಪಿತು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಅದು ಎಂಟು ಜಿಲ್ಲೆಗಳಿಗೆ ಸಂದಿತು: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಆ ಹಕ್ಕಿನ ಜಂಟಿ ಒಡೆಯರು. ಗಡಿಯ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ರುಜು ಹಾಕಿದವು! 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ಮೆರೆಸಿದಾಗ ದೇಶದಲ್ಲಿ ಆಕ್ಷೇಪದ ಅಲೆಯೆದ್ದಿತು. ಕಂಪನಿಯು ಭಾರತೀಯ ಮೂಲವನ್ನು ಒಪ್ಪಿಕೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು.

ಇದು ಸಂತೋಷದ ಸಂಗತಿಯೇ ಸರಿ. ಆದರೆ ವಿದೇಶದವರು ಹೆಸರು ಹೇಳಲಿಲ್ಲವೆಂದು ಸಿಟ್ಟಾದ ನಾವು, ನಮ್ಮ ತರಗತಿಯಲ್ಲಿ ಆ ಹೆಸರಿಗೆ ನಕ್ಕವರಲ್ಲವೆ? ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ನಿಷೇಧಿಸಿತು. ನಗೆಯನ್ನು ನಿಷೇಧಿಸುವ ಕಲಮು ಯಾವ ಸಂವಿಧಾನದಲ್ಲಿಯೂ ಇರಲಾರದು. ಅದನ್ನು ನಾವೇ ನಿಲ್ಲಿಸಬೇಕು. ಆ ಮನೆಯ ಮಕ್ಕಳು ಕಸುಬನ್ನು ಬಿಟ್ಟು ಬೇರೆ ವಿದ್ಯೆಗೆ ಹೋದರೆ ಅದು ಅವರ ಹಕ್ಕು. ಅವರನ್ನು ಅಡಿಗೂಟಕ್ಕೇ ಕಟ್ಟಿಹಾಕಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಬಿಡುವವನು ನಾಚಿಕೆಯಿಂದ ಬಿಡುವಂತಾಗಬಾರದು, ಹಿಡಿಯುವವನು ಹಸಿವಿನಿಂದ ಹಿಡಿಯುವಂತಾಗಬಾರದು.

ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಒಂದೇ. ಗಡಿಯ ಎರಡೂ ಕಡೆಯ ತೊಗಲುಗೆಲಸದ ಹಿರಿಯರನ್ನು ಕಂಡು, ಅವರ ಹತಾರಗಳ ಹೆಸರನ್ನೂ, ಹದದ ಕ್ರಮವನ್ನೂ, ಹೊಲಿಗೆಯ ಬಗೆಗಳನ್ನೂ ಅವರ ಮಾತಿನಲ್ಲಿಯೇ ಬರೆದುಕೊಂಡು, ಮುಂದಿನ ವರ್ಷದ ಸಂಚಿಕೆಯಲ್ಲಿ ಅವರವರ ಹೆಸರಿನಿಂದಲೇ ಅಚ್ಚು ಮಾಡಿಸೋಣ. ಗಡಿನಾಡಿನಲ್ಲಿ ಕನ್ನಡವು ಬದುಕಿರುವುದು ಫಲಕಗಳ ಮೇಲೆ ಮಾತ್ರವಲ್ಲ. ಇಂಥ ಅಂಗಳಗಳ ನೆರಳಿನಲ್ಲಿಯೂ ಅದು ಬದುಕಿದೆ. ಒಂದು ಹತಾರವು ಮೂಲೆಗುಂಪಾದರೆ ಅದರೊಡನೆ ಒಂದು ಕನ್ನಡ ಪದವೂ ತುಕ್ಕು ಹಿಡಿಯುತ್ತದೆ.

ನಾವು ಆ ದಿನ ಹೊರಡಲು ಎದ್ದಾಗ, ಪುಸ್ತಕದಲ್ಲಿರುವ ಆ ಮೂರು ಹೆಸರುಗಳನ್ನು ಅಜ್ಜನಿಗೆ ಹೇಳಿದೆವು. ಅವರು ಕೊರಡಿನ ತಗ್ಗಿನ ಮೇಲೆ ಕೈಯಾಡಿಸುತ್ತ, “ನಮ್ಮ ಗೂಟದ ಹೆಸರು ಪುಸ್ತಕದಾಗ ಐತೇನ್ರಿ ಗುರುಗಳ?” ಎಂದು ಕೇಳಿದರು. ಐದೆ, ಎಂಟುನೂರು ವರ್ಷಗಳಿಂದ ಇದೆ ಎಂದೆವು. ಪಕ್ಕದಲ್ಲಿ ನಿಂತಿದ್ದ ಹುಡುಗ ಈ ಸಲ ತಲೆ ತಗ್ಗಿಸಲಿಲ್ಲ.